ಎಂದರೆ ಸರಿಯಲ್ಲ

ಜವಾನ ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗಿದ. ಜಗುಲಿಯ ಗೋಡೆಗೊರಗಿ ಕೂತಿದ್ದ ಅಜ್ಜಿ ಎದ್ದು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬಂದಳು. ದೇವಸ್ಥಾನಕ್ಕೆ ಬಂದ ಹಾಗೆ. ಸಾಕ್ಷಿಕಟ್ಟೆಯ ಮರದಂಚು ಎಷ್ಟೋ ಕೈಗಳು ಸೋಕಿ ನುಣುಪಾಗಿತ್ತು. ಅದನ್ನು ಬಿಗಿಯಾಗಿ ಹಿಡಿದ ಅವಳ ಬೆರಳುಗಳ ಗೆಣ್ಣು ಬಿಳಿಚಿಕೊಂಡಿದ್ದವು.

“ಅವತ್ತು ಏನು ನೋಡಿದಿರಮ್ಮ?” ಸರ್ಕಾರಿ ವಕೀಲರು ಕೇಳಿದರು.

“ನಾನೇನೂ ನೋಡಿಲ್ಲ ಸ್ವಾಮಿ.”

ಎದುರಿನ ಬೆಂಚಿನಲ್ಲಿ ಆರೋಪಿಗಳು ತಲೆ ಬಗ್ಗಿಸಿ ಕೂತಿದ್ದರು. ಎಲ್ಲರೂ ಅವಳ ಊರಿನವರೇ. ಸಾಕ್ಷಿ ತಿರುಗಿಬಿದ್ದಳೆಂದು ವಕೀಲರು ಪಾಟೀಸವಾಲಿಗೆ ಅನುಮತಿ ಪಡೆದು, ಪೊಲೀಸರು ಬರೆದುಕೊಂಡಿದ್ದ ಹೇಳಿಕೆಯನ್ನು ಸಾಲುಸಾಲಾಗಿ ಓದಿದರು. ಪ್ರತಿ ಸಾಲಿಗೂ ಅಜ್ಜಿಯದು ಒಂದೇ ಮಾತು: “ಇಲ್ಲ.” ಬೆರಳಚ್ಚುಗಾರ್ತಿ ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸುತ್ತಿದ್ದಳು. ‘ನಾನು ಆರೋಪಿಗಳೊಂದಿಗೆ ರಾಜಿಯಾಗಿ ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.’ ಅಷ್ಟು ಉದ್ದದ ವಾಕ್ಯವನ್ನು ಅಜ್ಜಿ ಆಡಿಯೇ ಇರಲಿಲ್ಲ. ಕೊನೆಗೆ ಹೆಬ್ಬೆಟ್ಟಿನ ಗುರುತು ಒತ್ತಿದಳು.

ಪೊಲೀಸರ ಮುಂದೆ ಕೊಟ್ಟ ಹೇಳಿಕೆ ತಾನೇ ಪುರಾವೆಯಲ್ಲ. ಕಟ್ಟೆಯಲ್ಲಿ ನಿಂತು ಆಡಿದ್ದಷ್ಟೇ ಸಾಕ್ಷ್ಯ. ಹೊಡೆದು ಬರೆಸಿಕೊಂಡ ಕಾಗದದ ಮೇಲೆ ಯಾರೂ ಜೈಲಿಗೆ ಹೋಗಬಾರದೆಂದು ಮಾಡಿದ ಕಟ್ಟಳೆ ಅದು. ಅದು ಬೇಕು, ಇರಲೇಬೇಕು. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗದಿದ್ದರೆ ನ್ಯಾಯಾಧೀಶರ ಮುಂದೆ ಬೇರೆ ದಾರಿಯೂ ಇಲ್ಲ. ನನ್ನನ್ನು ಕಾಡುವುದು ಆ “ಇಲ್ಲ” ಎಲ್ಲಿಂದ ಹುಟ್ಟಿತು ಎನ್ನುವುದು.

ನನಗೆ ಕಂಬಾಲಪಲ್ಲಿ ನೆನಪಾಯಿತು. ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ 2000ದ ಮಾರ್ಚ್ 11ರ ರಾತ್ರಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ವಿಚಾರಣೆ ಹೊತ್ತಿಗೆ ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಪ್ರತಿಕೂಲ ಸಾಕ್ಷಿಗಳಾದರು. 2006ರ ಡಿಸೆಂಬರಿನಲ್ಲಿ ಕೋಲಾರದ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕೊಂದವರು ಮಾತ್ರ ಕಾನೂನಿನ ಕಣ್ಣಿಗೆ ಯಾರೂ ಇರಲಿಲ್ಲ. ಮಾತು ಬದಲಿಸಿದವರನ್ನು ಹಳಿಯಲು ನನಗೆ ಬಾಯಿ ಬರುವುದಿಲ್ಲ. ಆರು ವರ್ಷ ಅವರ ಬೆನ್ನಿಗೆ ಯಾರು ನಿಂತಿದ್ದರು? ಸಾಕ್ಷಿ ರಕ್ಷಣೆಯ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆಯ ಮುದ್ರೆ ಒತ್ತಿದ್ದೇ 2018ರಲ್ಲಿ.

ಅಜ್ಜಿ ಕಟ್ಟೆ ಇಳಿದು, ಹೊಸ್ತಿಲಾಚೆ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ಸಂಜೆ ಬಸ್ ನಿಲ್ದಾಣದಲ್ಲಿ ಅವಳನ್ನು ಮತ್ತೆ ಕಂಡೆ. ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸುತ್ತಿದ್ದಳು. ಜಾಮೀನಿನ ಮೇಲಿದ್ದ ಆರೋಪಿಗಳೂ ನಾಲ್ಕು ಮಾರು ದೂರದಲ್ಲಿ ಟೀ ಕುಡಿಯುತ್ತ ನಿಂತಿದ್ದರು. ಅವರ ಊರಿಗೆ ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು. ಅದು ಬಂದಾಗ ಅವರಲ್ಲೊಬ್ಬ ಮುಂದೆ ಬಂದು ಅಜ್ಜಿಯ ಚೀಲ ಎತ್ತಿ ಒಳಗಿಟ್ಟ. ಅವಳು ಅವನ ಮುಖ ನೋಡಲಿಲ್ಲ. ಕಿಟಕಿಯ ಪಕ್ಕ ಕೂತು ಕಂಬಿ ಹಿಡಿದುಕೊಂಡಳು.