ಬಿಸಿಲು ಉಂಟು, ಕರೆಂಟ್ ಇಲ್ಲ: ಮನೆ ಸೋಲಾರ್ ಕೆಲಸ ಮಾಡೋದು ಹೇಗೆ?

ಇಯರ್‌ಫೋನ್‌ನಲ್ಲಿ ಕೇಳ್ತಿರುವವರಿಗೆ ಮೊದಲೇ ಹೇಳ್ತೇನೆ, ಹಿಂದೆ ಆಗಾಗ ಬರುವ ದೊಡ್ಡ ಸದ್ದು ಹಡಗಿನ ಹಾರ್ನ್. ಪಣಂಬೂರಿನ ಮನೆಯಲ್ಲಿ ಕೂತು ರೆಕಾರ್ಡ್ ಮಾಡಿದರೆ ಬಂದರನ್ನು ಎಡಿಟ್ ಮಾಡಿ ತೆಗೀಲಿಕ್ಕೆ ಆಗುವುದಿಲ್ಲ.

ಹೋದ ಮೇ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ನೆತ್ತಿ ಸುಡುವ ಬಿಸಿಲು. ಟೆರೇಸಿನಲ್ಲಿ ಎರಡು ತಿಂಗಳ ಹಿಂದಷ್ಟೇ ಹಾಕಿಸಿದ 3 ಕಿಲೋವ್ಯಾಟ್ ಸೋಲಾರ್. ಫಕ್ಕನೆ ಕರೆಂಟ್ ಹೋಯ್ತು, ಫ್ಯಾನ್ ನಿಂತಿತು. ಅಮ್ಮ ಅಡುಗೆಮನೆಯಿಂದ ಕೇಳಿದ್ರು: "ಎಂತ ಮಾರಾಯ, ಸೋಲಾರ್ ಉಂಟಲ್ಲ?" ಅಪ್ಪ ಏನೂ ಹೇಳಲಿಲ್ಲ. ಅದು ಅವರ ರಿಟೈರ್‌ಮೆಂಟ್ ಹಣ. ಹಾಕಿಸುವ ಅಂತ ಹಠ ಹಿಡಿದದ್ದು ನಾನು. "ಇನ್ನು ನಿಮಗೆ ಪವರ್ ಕಟ್ ಅಂದ್ರೆ ಏನಂತ ಮರೆತೇ ಹೋಗ್ತದೆ" ಅಂತ ಮಾರಲಿಕ್ಕೆ ಬಂದವರು ಹೇಳಿದ್ದನ್ನು ನಂಬಿದ್ದೂ ನಾನೇ. ಬಿಕಾಂ ಓದಿದವನು, ಲೆಕ್ಕ ನೋಡಿದೆ, ವೈರಿಂಗ್ ನೋಡಲಿಲ್ಲ.

ಹಾಗಾಗಿ ಇವತ್ತು ವೈರಿಂಗ್ ಮಾತಾಡುವ.

ಪ್ಯಾನೆಲ್ ಒಳಗೆ ಇರುವುದು ಸಿಲಿಕಾನಿನ ತೆಳು ಬಿಲ್ಲೆಗಳು. ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಸಡಿಲ ಆಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಒಂದು ಬಿಲ್ಲೆಯಿಂದ ಸಿಗುವುದು ಸುಮಾರು ಅರ್ಧ ವೋಲ್ಟ್, ಅದಕ್ಕೇ ಹಲವು ಬಿಲ್ಲೆಗಳನ್ನು ಸರಪಳಿ ಹಾಗೆ ಜೋಡಿಸಿರ್ತಾರೆ. ಸರಪಳಿ ಅಂದಮೇಲೆ ಒಂದು ಕೊಂಡಿ ಸೋತರೆ ಉಳಿದವಕ್ಕೂ ಪೆಟ್ಟು. ನಮ್ಮಲ್ಲಿ ಪಕ್ಕದ ತೆಂಗಿನ ಮರದ ಒಂದು ಗರಿಯ ನೆರಳು ಬಿದ್ದರೆ ಸಾಕು, ಮೊಬೈಲ್ ಆ್ಯಪ್‌ನಲ್ಲಿ ಗ್ರಾಫ್ ಕೆಳಗೆ ಇಳಿಯುತ್ತದೆ. ಧೂಳಿಗೂ ಹಾಗೇ, ಉಜ್ಜಿ ತೊಳೆಯಬೇಕು. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ಕಾದಷ್ಟೂ ಅದರ ಶಕ್ತಿ ಸ್ವಲ್ಪ ಸ್ವಲ್ಪ ಕಡಿಮೆ ಆಗ್ತದೆ. ಬಿಸಿನೀರಿನ ಸೋಲಾರ್‌ನದ್ದು ಬೇರೆ ಕಥೆ, ಅದು ಬರೀ ಶಾಖದ ಆಟ.

ಪ್ಯಾನೆಲ್‌ನಿಂದ ಬರುವುದು ಡಿಸಿ ಕರೆಂಟ್, ಬ್ಯಾಟರಿಯಲ್ಲಿ ಇರುವಂಥದ್ದು. ಮನೆಯ ಫ್ಯಾನ್, ಫ್ರಿಜ್‌ಗೆ ಬೇಕಾದ್ದು 230 ವೋಲ್ಟಿನ ಎಸಿ, ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುವಂಥದ್ದು. ಇದನ್ನು ಬದಲಾಯಿಸುವ ಪೆಟ್ಟಿಗೆಯೇ ಇನ್ವರ್ಟರ್. ನಮ್ಮ ಮನೆಯಲ್ಲಿ ಇರುವುದು ಆನ್‌ಗ್ರಿಡ್ ಇನ್ವರ್ಟರ್, ಅದಕ್ಕೆ ಬ್ಯಾಟರಿ ಇಲ್ಲ. ಮೆಸ್ಕಾಂ ಲೈನಿನ ತಾಳ ಕೇಳಿಸಿಕೊಂಡೇ ಅದು ಹೆಜ್ಜೆ ಹಾಕುವುದು. ಲೈನ್ ಸತ್ತರೆ ತಾಳ ಇಲ್ಲ. ಅದೂ ಆಫ್.

ಇದು ಕಂಪನಿಯವರ ಜಿಪುಣತನ ಅಂತ ನಾನೂ ಬೈದಿದ್ದೆ. ಅಲ್ಲ. ಕರೆಂಟ್ ಹೋದಾಗ ಲೈನ್‌ಮನ್ ಕಂಬ ಹತ್ತುತ್ತಾರೆ. ಅದೇ ಹೊತ್ತಿಗೆ ನಮ್ಮ ಟೆರೇಸಿನ ಕರೆಂಟ್ ಲೈನಿಗೆ ಹರಿದರೆ? ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡ್ತದೆ. ಮನೆಯ ಕಡೆಯಿಂದ ಹಿಂದೆ ಹೋದ ಕರೆಂಟ್ ಆ ಕಡೆ 11 ಸಾವಿರ ವೋಲ್ಟಿನ ಮಟ್ಟಕ್ಕೆ ಏರಬಹುದು. ಸತ್ತ ಲೈನ್ ಅಂತ ನಂಬಿ ಕೈ ಹಾಕಿದವರ ಗತಿ ಯೋಚಿಸಿ. ಅದಕ್ಕಾಗಿಯೇ ಇನ್ವರ್ಟರ್ ತನ್ನಷ್ಟಕ್ಕೇ ಬಂದ್ ಆಗಬೇಕು ಅನ್ನುವ ನಿಯಮ. ಇದರ ಹೆಸರು ಆ್ಯಂಟಿ ಐಲ್ಯಾಂಡಿಂಗ್.

ಕರೆಂಟ್ ಹೋದಾಗಲೂ ಸೋಲಾರ್ ಬೇಕಾದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದು ಲೈನಿನಿಂದ ಮನೆಯನ್ನು ಬೇರೆ ಮಾಡಿ, ಒಳಗಷ್ಟೇ ಕರೆಂಟ್ ಕೊಡ್ತದೆ. ಖರ್ಚು ಜಾಸ್ತಿ.

ಈಗ ನನ್ನ ಸಬ್ಜೆಕ್ಟಿಗೆ ಬರ್ತೇನೆ, ಲೆಕ್ಕ. ನಮಗೆ ಬಿದ್ದದ್ದು 2 ಲಕ್ಷ 10 ಸಾವಿರ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ಸಬ್ಸಿಡಿ. ಉಳಿದದ್ದು 1 ಲಕ್ಷ 32 ಸಾವಿರ. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಹಿಡಿದರೆ ತಿಂಗಳಿಗೆ 360 ಯೂನಿಟ್. ಸರಾಸರಿ ಅಂದೆ, ಜೂನ್ ಜುಲೈಯಲ್ಲಿ ಮಳೆ ಹಿಡಿದರೆ ಆ ಲೆಕ್ಕ ಮರೆತುಬಿಡಿ. ನಮ್ಮ ಬಳಕೆ 270 ಯೂನಿಟ್. ಯೂನಿಟಿಗೆ ಸುಮಾರು 6 ರೂಪಾಯಿಯಂತೆ ತಿಂಗಳಿಗೆ 1,620 ಉಳಿತಾಯ. ಹಾಕಿದ ಹಣ ವಾಪಸ್ ಬರಲಿಕ್ಕೆ ಏಳು ವರ್ಷಕ್ಕೆ ಸ್ವಲ್ಪ ಕಡಿಮೆ. ಹಗಲು ಮಿಕ್ಕಿದ್ದು ನೆಟ್ ಮೀಟರ್ ಮೂಲಕ ಲೈನಿಗೆ ಹೋಗಿ, ರಾತ್ರಿ ಬಳಸಿದ್ದರಲ್ಲಿ ಕಳೆಯುತ್ತದೆ. ಅದಕ್ಕೂ ಮೀರಿ ಮಿಕ್ಕಿದರೆ ಸಿಗುವ ದರ, ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಹಾಗಾಗಿ ನಮಗೆ 2 ಕಿಲೋವ್ಯಾಟ್ ಸಾಕಿತ್ತು ಅಂತ ಈಗ ಅನಿಸ್ತದೆ.

ನಿಮ್ಮ ಮನೆಗೆ ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರ್ತಿದ್ದರೆ? ಉಳಿಸಲಿಕ್ಕೆ ಬಿಲ್ಲೇ ಇಲ್ಲವಲ್ಲ. ಯಾರಾದರೂ ಸಾಲ ಮಾಡಿ ಹಾಕಿಸಿ ಅಂದರೆ, ಕಳೆದ ಹನ್ನೆರಡು ತಿಂಗಳ ಬಿಲ್ ಅವರ ಮುಂದಿಟ್ಟು ಲೆಕ್ಕ ಕೇಳಿ. ಕರೆಂಟ್ ಹೋದಾಗ ಇದು ನಡೀತದಾ ಅಂತಲೂ ಕೇಳಿ, ಉತ್ತರ ಬರವಣಿಗೆಯಲ್ಲಿ ತಗೊಳ್ಳಿ.

ನಾವು ಹೈಬ್ರಿಡ್‌ಗೆ ಹೋಗಲಿಲ್ಲ. ಎರಡು ಫ್ಯಾನ್, ನಾಲ್ಕು ಲೈಟಿಗೆ ಸಾಕಾಗುವ ಸಾಮಾನ್ಯ ಇನ್ವರ್ಟರ್, ಒಂದು ಬ್ಯಾಟರಿ ತಂದು ಬೇರೆಯೇ ಇಟ್ಟೆವು. ಮೊನ್ನೆ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗಿತ್ತು. ರಸ್ತೆ ಬದಿಯ ಕಂಬದಲ್ಲಿ ಇಬ್ಬರು ಲೈನ್‌ಮನ್‌ಗಳು ಒದ್ದೆಯಾಗಿ ಕೆಲಸ ಮಾಡ್ತಿದ್ದರು. ಅಮ್ಮ ಕಿಟಕಿಯಿಂದ ನೋಡಿ ನನ್ನನ್ನು ಕರೆದರು: "ನಮ್ಮದು ಆಫ್ ಆಗಿದೆಯಾ ಅಂತ ಒಮ್ಮೆ ನೋಡಿ ಬಾ."