ದಾರಿಯಲ್ಲಿ ಆನೆ ಎದುರಾದರೆ



ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಸಕಲೇಶಪುರ ಕಡೆಯ ಒಂದು ಸಂಘದ ಸಭೆಗೆ ನಾವು ಹೋಗಿದ್ದೆವು. ಹಾಜರಿ ಕೂಗುವಾಗ ಒಬ್ಬ ಸದಸ್ಯೆ ಮಾತ್ರ ಇರಲಿಲ್ಲ. ಎರಡು ಹಸು ಸಾಕಿ, ದಿನಾ ಬೆಳಿಗ್ಗೆ ಐದೂವರೆಗೆ ಎಕ್ಸೆಲ್ ಗಾಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು ಅವರು. ಒಂದು ದಿನವೂ ಸಭೆ ತಪ್ಪಿಸಿದವರಲ್ಲ. ವಿಚಾರಿಸಿದಾಗ, "ಅವರಿಗೆ ಆನೆ ಸಿಕ್ಕಿತ್ತು ಸಿಸ್ಟರ್, ಮಂಡಿಗೆ ಪೆಟ್ಟಾಗಿ ಮನೇಲಿದ್ದಾರೆ" ಅಂದರು.

ಸಭೆ ಮುಗಿಸಿ ಅವರ ಮನೆಗೆ ಹೋದೆವು. ನಡೆದದ್ದು ಇಷ್ಟು. ಅಂದು ಮಂಜು ಜಾಸ್ತಿ ಇತ್ತು. ತಿರುವಿನಲ್ಲಿ ರಸ್ತೆ ಪಕ್ಕ ಬಂಡೆ ಇದ್ದ ಹಾಗೆ ಕಂಡಿತು. ದಿನಾ ಓಡಾಡುವ ದಾರಿ, ಅಲ್ಲಿ ಬಂಡೆ ಇಲ್ಲ ಅಂತ ಹೊಳೆಯುವಷ್ಟರಲ್ಲಿ ಬಂಡೆ ಕಿವಿ ಆಡಿಸಿತು. ಬ್ರೇಕ್ ಹಾಕಿದ್ದಕ್ಕೆ ಕ್ಯಾನು ವಾಲಿ ಗಾಡಿ ಬಿತ್ತು. ಆನೆ ಇದ್ದದ್ದು ಇಪ್ಪತ್ತು ಇಪ್ಪತ್ತೈದು ಹೆಜ್ಜೆ ದೂರದಲ್ಲಿ. ಇವರು ಓಡಲಿಲ್ಲ. ಬಿದ್ದ ಗಾಡಿ ಎತ್ತಿ ತಿರುಗಿಸಲು ನೋಡಿದರು. ಹಿಂದಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಪೇಪರ್ ಹಾಕುವ ಹುಡುಗ, "ಅಕ್ಕಾ, ಗಾಡಿ ಬಿಡಿ, ಗಾಡಿ ಬಿಡಿ" ಅಂತ ಕೂಗಿದ ಮೇಲೆ ಬಿಟ್ಟು ಓಡಿ ಲೈನ್ ಮನೆ ಸೇರಿಕೊಂಡರು. ಆನೆ ಬಂದು ಗಾಡಿಯನ್ನು ಒಂದು ಸಲ ಒದ್ದು, ಚೆಲ್ಲಿದ ಹಾಲನ್ನು ಮೂಸಿ ತೋಟಕ್ಕೆ ಇಳಿದು ಹೋಯಿತಂತೆ.

"ಆನೆ ಕಂಡ ಕೂಡಲೇ ಯಾಕಮ್ಮ ಓಡಲಿಲ್ಲ?" ಅಂತ ಕೇಳಿದೆವು.

"ಇನ್ನೂ ಹನ್ನೊಂದು ಕಂತು ಬಾಕಿ ಇತ್ತಲ್ಲ ಸಿಸ್ಟರ್."

ನಮಗೆ ಏನು ಹೇಳಬೇಕೋ ತೋಚಲಿಲ್ಲ. ಆ ಗಾಡಿಗೆ ಸಾಲ ಕೊಡಿಸಲು ಓಡಾಡಿದವರಲ್ಲಿ ನಾವೂ ಇದ್ದೆವು. ಕಂತು ತಪ್ಪಬಾರದು, ತಪ್ಪಬಾರದು ಅಂತ ಪ್ರತಿ ಸಭೆಯಲ್ಲೂ ಹೇಳಿದವರು ನಾವೇ. ಗಾಡಿ ಬಿಟ್ಟು ಓಡಬಹುದು ಅಂತ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಅದಕ್ಕೇ ಈ ಸಲ ಈ ವಿಷಯ ಬರೆಯುತ್ತಿದ್ದೇವೆ.

ರಸ್ತೆಗೆ ಆನೆ ಬರೋದು ಯಾಕೆ?

ಇಡೀ ದೇಶದಲ್ಲಿ ಅತಿ ಹೆಚ್ಚು ಕಾಡಾನೆ ಇರುವುದು ನಮ್ಮ ಕರ್ನಾಟಕದಲ್ಲಿ. 2023ರಲ್ಲಿ ಅರಣ್ಯ ಇಲಾಖೆ ಮಾಡಿದ ಅಂದಾಜಿನ ಪ್ರಕಾರ 6,395. ಎಲ್ಲವೂ ಬಂಡೀಪುರ, ನಾಗರಹೊಳೆ ಕಾಡಿನೊಳಗೇ ಇಲ್ಲ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಸೋಮವಾರಪೇಟೆ ಕಡೆ ಎಷ್ಟೋ ಆನೆಗಳು ಹಗಲೆಲ್ಲ ಕಾಫಿ ತೋಟದಲ್ಲೇ ಇರುತ್ತವೆ. ತೋಟದಲ್ಲಿ ನೆರಳಿದೆ, ಕೆರೆ ಇದೆ, ಬೈನೆ ಮರ ಇದೆ, ಮೇ ತಿಂಗಳಿಂದ ಹಲಸಿನ ಹಣ್ಣು, ಮಳೆಗಾಲ ಕಳೆದರೆ ಗದ್ದೆಯಲ್ಲಿ ಭತ್ತ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಅಷ್ಟು ತಿನ್ನಲು ಒಂದೇ ಕಡೆ ನಿಂತರೆ ಆಗೋದಿಲ್ಲ, ತೋಟದಿಂದ ತೋಟಕ್ಕೆ ನಡೆಯಲೇಬೇಕು. ನಡುವೆ ನಮ್ಮ ರಸ್ತೆ. ಕತ್ತಲಾದ ಮೇಲೆ ಮತ್ತು ಬೆಳಕು ಹರಿಯುವ ಮುಂಚೆ ಅವು ಜಾಗ ಬದಲಾಯಿಸುತ್ತವೆ. ನಾವು ಡೇರಿಗೆ ಹೋಗೋದು, ಸಭೆ ಮುಗಿಸಿ ಬರೋದು ಕೂಡ ಅದೇ ಹೊತ್ತಿಗೆ.

"ಎಲ್ಲಾ ಹಿಡಿದು ಸಾಗಿಸಬಾರದಾ?" ಅಂತ ಎಲ್ಲ ಸಭೆಯಲ್ಲೂ ಕೇಳುತ್ತೀರಿ. ಗಂಡ, ಮಗ, ಅಕ್ಕ ತಂಗಿಯನ್ನು ಕಳೆದುಕೊಂಡ ಮನೆಗಳು ನಮ್ಮ ನಡುವೆ ಇವೆ, ಆ ಸಿಟ್ಟು ಸುಮ್ಮನೆ ಬಂದದ್ದಲ್ಲ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ್ದರು. ಆದರೂ ಆನೆ ಬರುವುದು ನಿಲ್ಲಲಿಲ್ಲ. ಹಾಗಾಗಿ ಸರ್ಕಾರ ಮಾಡಬೇಕಾದ್ದನ್ನು ಕೇಳುತ್ತಲೇ, ನಾಳೆ ಬೆಳಿಗ್ಗೆ ಐದೂವರೆಗೆ ಹೊರಡುವವರು ಏನು ಮಾಡಬೇಕು ಅನ್ನೋದನ್ನೂ ನಾವು ಕಲಿಯಬೇಕು.

ಅಷ್ಟು ದೊಡ್ಡ ಪ್ರಾಣಿ ಕಾಣದೆ ಇರುತ್ತಾ?

ಇರುತ್ತೆ. ಆನೆಯ ಬಣ್ಣ ಬೂದು, ಮೇಲೆ ಕೆಸರು. ರಸ್ತೆಯೂ ಕಪ್ಪು. ನಮ್ಮ ಗಾಡಿಯ ಲೈಟು ಬೀಳುವುದು ನೆಲಕ್ಕೆ, ಆನೆಯ ಕಾಲಿನ ಮಟ್ಟಕ್ಕೆ. ಆ ಕಾಲು ಮರದ ಕಾಂಡದ ಹಾಗೆ ಕಾಣುತ್ತದೆ. ಪಾದದಡಿ ಮೆತ್ತೆಯಂಥ ಭಾಗ ಇರುವುದರಿಂದ ನಡೆದರೆ ಸದ್ದೂ ಬರೋದಿಲ್ಲ. ಬೈಕಿನವರಿಗೆ ಎಷ್ಟೋ ಸಲ ಆನೆ ಕಾಣುವುದೇ ಹತ್ತು ಮೀಟರ್ ದೂರದಲ್ಲಿ. 60 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ ಹದಿನಾರು ಹದಿನೇಳು ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಮೇಲೆ ಕಾಲಿಡುವ ಮೊದಲೇ ಆನೆ ಸಿಕ್ಕಿರುತ್ತದೆ. 30ರಲ್ಲಿ ಹೋದರೆ ನಿಲ್ಲಿಸಲು ಒಂದು ಅವಕಾಶವಾದರೂ ಉಂಟು. ಮಳೆಗಾಲದಲ್ಲಿ ಪಾಚಿ ಕಟ್ಟಿದ ರಸ್ತೆಯಲ್ಲಿ ಅದೂ ಕಡಿಮೆ.

ಆನೆಗೂ ದೃಷ್ಟಿ ಅಷ್ಟು ಚುರುಕಲ್ಲ. ಅದು ಮೂಸಿ ತಿಳಿಯುವ, ಕೇಳಿ ತಿಳಿಯುವ ಪ್ರಾಣಿ. ನಾವು ಕಾಣುವ ಮೊದಲೇ ನಮ್ಮ ವಾಸನೆ ಅದಕ್ಕೆ ಹೋಗಿರುತ್ತದೆ, ಗಾಳಿ ನಮ್ಮ ಕಡೆಯಿಂದ ಅದರ ಕಡೆಗೆ ಇದ್ದರೆ. ಗಾಳಿ ಉಲ್ಟಾ ಇದ್ದರೆ ಅದಕ್ಕೂ ನಾವು ದಿಢೀರನೆ ಎದುರಾದ ಹಾಗೆ. ಬೆಚ್ಚಿದ ಆನೆಯೇ ಹೆಚ್ಚು ಅಪಾಯ.

ದಾರಿಯಲ್ಲಿ ಕೆಲವು ಗುರುತು ಸಿಗುತ್ತವೆ. ಹಬೆಯಾಡುವ ಹಸಿ ಲದ್ದಿ, ಆಗಷ್ಟೇ ಸಿಗಿದ ಬೈನೆ, ರಸ್ತೆಗೆ ಬಿದ್ದ ಕೊಂಬೆ, ನಾಯಿಗಳು ಒಂದೇ ಕಡೆ ನೋಡಿ ಬೊಗಳುವುದು, ತೋಟದೊಳಗೆ ಪಟ ಪಟ ಕೊಂಬೆ ಮುರಿಯುವ ಸದ್ದು. ಇಷ್ಟು ಕಂಡರೆ ಅಲ್ಲೇ ನಿಲ್ಲಿ, ಹಿಂದೆ ಬನ್ನಿ.

ಆನೆ ಕಂಡಾಗ ಅದರ ಕಿವಿ ನೋಡಿ. ಕಿವಿ ಮೆಲ್ಲಗೆ ಬೀಸುತ್ತಾ ಮೇಯುತ್ತಿದ್ದರೆ ಅದು ತನ್ನ ಪಾಡಿಗೆ ತಾನಿದೆ. ಬೀಸುವುದು ನಿಂತು, ಕಿವಿ ಅಗಲಿಸಿ, ತಲೆ ಎತ್ತಿ, ಬಾಲ ಸೆಟೆದು ನಿಮ್ಮ ಕಡೆ ತಿರುಗಿದರೆ ಅದಕ್ಕೆ ಸಿಟ್ಟು ಬಂದಿದೆ ಅಂತ ಅರ್ಥ. ಗಂಡಾನೆಯ ಕಣ್ಣಿಗೂ ಕಿವಿಗೂ ನಡುವೆ ಕೆನ್ನೆ ಮೇಲೆ ಎಣ್ಣೆ ಸುರಿದ ಹಾಗೆ ಕಪ್ಪು ಗೆರೆ ಇಳಿದಿದ್ದರೆ ಅದು ಮದ. ಮದ ಬಂದ ಸಲಗದ ಹತ್ತಿರ ಯಾವ ಲೆಕ್ಕಾಚಾರವೂ ನಡೆಯೋದಿಲ್ಲ. ಕೆಲವು ಸಲ ಆನೆ ಬರೀ ಹೆದರಿಸಲು ಓಡಿಬಂದು ನಿಲ್ಲುತ್ತದೆ. ಸೊಂಡಿಲು ಒಳಗೆ ಮಡಚಿಕೊಂಡು ಸದ್ದಿಲ್ಲದೆ ಬಂದರೆ ನಿಜವಾಗಿ ಬರುತ್ತಿದೆ ಅನ್ನುತ್ತಾರೆ. ಯಾವುದು ಸುಳ್ಳು, ಯಾವುದು ನಿಜ ಅಂತ ನಿಂತು ಪರೀಕ್ಷೆ ಮಾಡುವ ಕೆಲಸ ನಮ್ಮದಲ್ಲ.

ನಾವು ಮಾಡಿದ ತಪ್ಪು

ಬುದ್ಧಿ ಹೇಳುವ ನಾವು ಮಾಡಿದ್ದನ್ನೂ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ತರಬೇತಿ ಮುಗಿಸಿ ಸಂಜೆ ಏಳೂವರೆಗೆ ಜೀಪಿನಲ್ಲಿ ಬರುತ್ತಿದ್ದೆವು. ಮುಂದೆ ಒಂದು ಹೆಣ್ಣಾನೆ ರಸ್ತೆಗೆ ಇಳಿಯಿತು. "ಹಾರನ್ ಹೊಡೀರಿ ಅಣ್ಣ, ಸರಿಯುತ್ತೆ" ಅಂದವರು ನಾವು. ಡ್ರೈವರ್ ಅಣ್ಣ ಹಾರನ್ ಮುಟ್ಟಲಿಲ್ಲ. ದೂರದಲ್ಲೇ ನಿಲ್ಲಿಸಿ ಲೈಟ್ ಡಿಮ್ ಮಾಡಿದರು. ಆನೆ ರಸ್ತೆ ದಾಟಿ ಬಲಗಡೆ ತೋಟಕ್ಕೆ ಇಳಿಯಿತು. ದಾರಿ ಖಾಲಿ. "ಇನ್ನು ಹೋಗೋಣ, ತಡವಾಯ್ತು" ಅಂದವರೂ ನಾವೇ. "ಸ್ವಲ್ಪ ತಡೀರಿ ಸಿಸ್ಟರ್" ಅಂದರು. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಎಡಗಡೆ ದರೆಯಿಂದ ಒಂದು ಪುಟ್ಟ ಮರಿ ಜಾರಿಕೊಂಡು ಇಳಿಯಿತು. ಅದರ ಹಿಂದೆ ಒಂದು, ಇನ್ನೊಂದು, ಒಟ್ಟು ಏಳು. ನಾವು ಹೊರಟಿದ್ದರೆ ತಾಯಿಗೂ ಮರಿಗೂ ನಡುವೆ ನಮ್ಮ ಜೀಪು ಇರುತ್ತಿತ್ತು. ನಾವು ಎಂ.ಎಸ್.ಡಬ್ಲ್ಯು. ಓದಿದವರು, ಅವರು ಓದಿದ್ದು ಏಳನೇ ಕ್ಲಾಸು. ಅಂದಿನಿಂದ ಜೀಪಿನಲ್ಲಿ ಅವರು ಹೇಳಿದ್ದೇ ಕಾನೂನು.

ಹಿಂಡು ದಾಟುವ ರೀತಿಯೇ ಹಾಗೆ. ಮೊದಲು ಹಿರಿಯ ಹೆಣ್ಣಾನೆ, ನಡುವೆ ಮರಿಗಳು, ಕೊನೆಗೆ ಮತ್ತೆ ದೊಡ್ಡವು. ಒಂದು ದಾಟಿತು ಅಂದರೆ ಮುಗಿಯಿತು ಅಂತಲ್ಲ. ಕಾಯಿರಿ. ಕಾರು, ಪಿಕಪ್ಪಿನವರು ನೂರು ಮೀಟರಾದರೂ ದೂರದಲ್ಲಿ ನಿಲ್ಲಿಸಬೇಕು. ಇಂಜಿನ್ ಆಫ್ ಮಾಡದೆ, ರೇಸ್ ಕೊಡದೆ ಇಡಬೇಕು, ಬೇಕಾದರೆ ರಿವರ್ಸ್ ಬರಬೇಕಲ್ಲ. ಹಾರನ್ ಬೇಡ, ಲೈಟ್ ಹಾಕಿ ತೆಗೆದು ಮಾಡೋದು ಬೇಡ, ಇಳಿಯೋದಂತೂ ಬೇಡವೇ ಬೇಡ. ಪಿಕಪ್ಪಿನ ಹಿಂದೆ ಕೂತ ಕೆಲಸದವರು ಕೂಗಬಾರದು.

ಸೈಕಲ್, ಸ್ಕೂಟಿ, ಬೈಕಿನವರಿಗೆ ಮೈಮೇಲೆ ತಗಡಿನ ರಕ್ಷಣೆಯೂ ಇಲ್ಲ. ದೂರದಲ್ಲೇ ಕಂಡರೆ ಸದ್ದು ಮಾಡದೆ ತಿರುಗಿಸಿಕೊಂಡು ಬನ್ನಿ. "ಪಕ್ಕದಲ್ಲಿ ಜಾಗ ಇದೆ, ಸ್ಪೀಡಾಗಿ ದಾಟಿಬಿಡೋಣ" ಅನ್ನುವುದು ಬಹಳ ಜನರ ಪ್ರಾಣ ತೆಗೆದ ಯೋಚನೆ. ತಿರುಗಿಸಲು ಆಗದಷ್ಟು ಹತ್ತಿರ ಸಿಕ್ಕರೆ ಗಾಡಿ ಅಲ್ಲೇ ಬಿಡಿ. ಹಾಲಿನ ಕ್ಯಾನು, ಚೀಲ, ಕೊಡೆ, ತಲೆಗೆ ಕಟ್ಟಿದ ಬಟ್ಟೆ ಏನಿದೆಯೋ ಅದನ್ನು ಬಿಸಾಕಿ ಓಡಿ. ಆನೆ ಒಮ್ಮೊಮ್ಮೆ ಅದನ್ನು ಮೂಸಲು ನಿಲ್ಲುತ್ತದೆ, ಆ ಹೊತ್ತು ನಮಗೆ ಸಿಗುತ್ತದೆ. ಮನೆ, ಕಣದ ಗೋದಾಮು, ದೊಡ್ಡ ಮರ, ಟ್ರೆಂಚಿನ ಆಚೆ ಬದಿ, ಹೀಗೆ ನಡುವೆ ಗಟ್ಟಿಯಾದದ್ದು ಬರುವ ಕಡೆ ಓಡಬೇಕು. ನೇರ ರಸ್ತೆಯಲ್ಲಿ ಓಡಿದರೆ ಆನೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರುತ್ತದೆ, ಸೀರೆ ಚಪ್ಪಲಿಯಲ್ಲಿ ನಮ್ಮ ಓಟ ಅದರ ಅರ್ಧವೂ ಆಗದು. ಇಳಿಜಾರಿನಲ್ಲಿ ಆನೆ ಇಳಿಯೋದಿಲ್ಲ ಅಂತ ಒಂದು ಮಾತಿದೆ. ಅದನ್ನು ನಂಬಬೇಡಿ. ಘಟ್ಟ ಹತ್ತಿ ಇಳಿದು ಬದುಕುವ ಪ್ರಾಣಿ ಅದು.

ಗಾಡಿ ದೊಡ್ಡದೋ ಜೀವ ದೊಡ್ಡದೋ ಅಂತ ಅನುಮಾನ ಇರುವವರು ಅರ್ಜುನನನ್ನು ನೆನಪಿಸಿಕೊಳ್ಳಿ. ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ನಮ್ಮ ಯಸಳೂರು ಕಡೆ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಕಾದಾಡಿ ಸತ್ತುಹೋಯಿತು. ಅಂಥ ಆನೆಯೇ ಉಳಿಯಲಿಲ್ಲ, ನಮ್ಮ ಎಕ್ಸೆಲ್ ಗಾಡಿ ಯಾವ ಲೆಕ್ಕ?

ಕಾಟಿ ಮತ್ತು ಇತರ ಪ್ರಾಣಿಗಳು

ಕಾಡುಕೋಣ, ನಾವು ಕಾಟಿ ಅನ್ನುವುದು, ಗಂಡಾದರೆ ಒಂದು ಟನ್ ಹತ್ತಿರ ತೂಗುತ್ತದೆ. ಮೈ ಕಪ್ಪು, ಮಂಡಿಯ ಕೆಳಗೆ ಮಾತ್ರ ಬಿಳಿ. ದರೆ ಮೇಲಿನಿಂದ ಹಾರಿ ರಸ್ತೆಗೆ ಬೀಳುವುದರಿಂದ ಬೈಕಿನವರಿಗೆ ಡಿಕ್ಕಿಯೇ ಭಯ. ಒಂದು ದಾಟಿದರೆ ಹಿಂದೆ ಇನ್ನೂ ಇವೆ ಅಂದುಕೊಳ್ಳಿ. ಕಡವೆ ಲೈಟಿಗೆ ಬೆರಗಾಗಿ ನಡುರಸ್ತೆಯಲ್ಲೇ ನಿಲ್ಲುತ್ತದೆ, ಕಾಡುಹಂದಿ ಚಕ್ರಕ್ಕೇ ನುಗ್ಗುತ್ತದೆ. ಇದಕ್ಕೆಲ್ಲ ನಿಧಾನವಾಗಿ ಹೋಗುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಸಂಚಾರ ನಿಲ್ಲಿಸಿರುವುದು, ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು ಅಂತ. ತುರ್ತು ವಾಹನ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಹಗಲು ಹೋಗುವವರೂ ಇಳಿಯುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಅಲ್ಲಿ ಆನೆಯ ಹತ್ತಿರ ಫೋಟೊಕ್ಕೆ ಅಂತ ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಬೀಳಿಸಿತು. ಪುಣ್ಯಕ್ಕೆ ಬದುಕಿದರು, ಆಮೇಲೆ 25,000 ರೂಪಾಯಿ ದಂಡವನ್ನೂ ಕಟ್ಟಬೇಕಾಯಿತು. ಚಾಮರಾಜನಗರದಿಂದ ಸತ್ಯಮಂಗಲ ಕಡೆ ಹೋಗುವ ದಾರಿಯಲ್ಲಿ ಕಬ್ಬಿನ ಲಾರಿಗಾಗಿ ಆನೆಗಳು ರಸ್ತೆಯಲ್ಲೇ ಕಾಯುವುದನ್ನು ಕಲಿತಿವೆ. ಹಾಗಾಗಿ ಪ್ರವಾಸ ಹೋದಾಗ ಮಕ್ಕಳ ಖುಷಿಗೆ ಅಂತ ಬಾಳೆಹಣ್ಣು ಎಸೆಯಬೇಡಿ.

ಫೋನು, ಪರಿಹಾರ, ವಿಮೆ

ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಕೆಲವು ಹೆಣ್ಣಾನೆಗಳ ಕುತ್ತಿಗೆಗೆ ರೇಡಿಯೋ ಕಾಲರ್ ಇರುವುದರಿಂದ ಹಿಂಡಿನ ಸುದ್ದಿ ಸಿಗುತ್ತದೆ. ಒಂಟಿ ಸಲಗದ ಸುದ್ದಿ ಅಷ್ಟು ಸಿಗದು. ಮೆಸೇಜ್ ಬಂದಿಲ್ಲ ಅಂದರೆ ಆನೆ ಇಲ್ಲ ಅಂತ ಅರ್ಥವಲ್ಲ. ಸಂಘದಲ್ಲಿ ಒಬ್ಬರಾದರೂ ಆ ಗುಂಪಿಗೆ ಸೇರಿ, ಬಟನ್ ಫೋನು ಇರುವವರಿಗೆ ಕರೆ ಮಾಡಿ ಹೇಳಬೇಕು. ಅರಣ್ಯ ಸಹಾಯವಾಣಿ 1926. ಗಾಯವಾದರೆ ಮೊದಲು 108.

ಕಾಡುಪ್ರಾಣಿಯಿಂದ ಸಾವಾದರೆ ಸರ್ಕಾರ ಕೊಡುವ ಪರಿಹಾರವನ್ನು 2022ರಲ್ಲಿ 7.5 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಈಗಿನ ಮೊತ್ತವನ್ನು, ಗಾಯಕ್ಕೆ ಮತ್ತು ಬೆಳೆಗೆ ಎಷ್ಟು ಅನ್ನುವುದನ್ನು ವಲಯ ಅರಣ್ಯ ಕಚೇರಿಯಲ್ಲೇ ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಅಂದೇ ತಿಳಿಸಿ, ಜಾಗದ ಫೋಟೊ ತೆಗೆದಿಡಿ, ಸರ್ಕಾರಿ ವೈದ್ಯರ ಚೀಟಿ ಕಳೆಯಬೇಡಿ. ಗಾಡಿ ಸಾಲ ಕೊಡುವಾಗ ಇನ್ನೊಂದು ನೋಡಬೇಕು. ಬರೀ ಥರ್ಡ್ ಪಾರ್ಟಿ ವಿಮೆ ನಮ್ಮ ಗಾಡಿಯ ನಷ್ಟಕ್ಕೆ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಮಾಡಿಸಲು ಬೇಕಾದ ಹಣವನ್ನೂ ಸಾಲದಲ್ಲೇ ಸೇರಿಸಿ. ಆ ಸದಸ್ಯೆಯದು ಥರ್ಡ್ ಪಾರ್ಟಿ ಮಾತ್ರ ಇತ್ತು, ನಾವೂ ಅದನ್ನು ಕೇಳಿರಲಿಲ್ಲ.

ಆ ಸಂಘದವರು ಮುಂದಿನ ಸಭೆಯಲ್ಲಿ ಅವರ ಕಂತನ್ನು ಮೂರು ತಿಂಗಳು ಮುಂದೂಡಿ, ಗಾಡಿ ರಿಪೇರಿಗೆ ಸಂಘದ ಉಳಿತಾಯದಿಂದ ಕೊಟ್ಟರು. ಸಂಜೆ ಏಳಕ್ಕೆ ನಡೆಯುತ್ತಿದ್ದ ಸಭೆ ಈಗ ಭಾನುವಾರ ಮಧ್ಯಾಹ್ನ ಮೂರಕ್ಕೆ. ಎಲ್ಲರೂ ಸೇರಿ ಡೇರಿಗೆ ಒಂದು ಅರ್ಜಿ ಕೊಟ್ಟರು. ಡೇರಿಯವರು ಮಂಜಿನ ತಿಂಗಳಲ್ಲಿ ಆರೂಮುಕ್ಕಾಲರವರೆಗೆ ಹಾಲು ತೆಗೆದುಕೊಳ್ಳಲು ಒಪ್ಪಿದ್ದಾರೆ. ಆ ಸದಸ್ಯೆ ಈಗ ಬೆಳಕು ಬಿಟ್ಟ ಮೇಲೆ, ಪಕ್ಕದ ಮನೆಯವರ ಗಾಡಿಯೂ ಹೊರಡುವಾಗ ಜೊತೆಯಲ್ಲೇ ಹೊರಡುತ್ತಾರೆ.