ಚುರುಕುತನದ ಪಂದ್ಯಕ್ಕಾಗಿ ನಾಯಿಮರಿಗಳ ಪಾಲನೆ ಮತ್ತು ಶಿಕ್ಷಣ

1978ನೆಯ ಇಸವಿಯಲ್ಲಿ ಲಂಡನ್ ನಗರದಲ್ಲಿ ಜರುಗಿದ ಕ್ರಫ್ಟ್ಸ್ ಶ್ವಾನಪ್ರದರ್ಶನದಲ್ಲಿ, ಮುಖ್ಯ ಪರೀಕ್ಷೆಗಳ ನಡುವಣ ವಿರಾಮಕಾಲವು ಪ್ರೇಕ್ಷಕರಿಗೆ ಬೇಸರವನ್ನುಂಟುಮಾಡದಿರಲೆಂದು ಒಂದು ಹೊಸ ವಿನೋದವನ್ನು ಏರ್ಪಡಿಸಲಾಯಿತು. ಸಮಿತಿಯ ಸದಸ್ಯರಾಗಿದ್ದ ಜಾನ್ ವಾರ್ಲಿ ಎಂಬವರು, ಕುದುರೆಗಳು ಬೇಲಿಗಳನ್ನು ನೆಗೆಯುವ ಪಂದ್ಯವನ್ನು ಮಾದರಿಯಾಗಿಟ್ಟುಕೊಂಡು, ಪೀಟರ್ ಮೀನ್‌ವೆಲ್ ಎಂಬ ಶಿಕ್ಷಕರ ನೆರವಿನಿಂದ ನಾಯಿಗಳಿಗೆ ತಕ್ಕ ಅಡಚಣೆಗಳನ್ನು ರಚಿಸಿ, ಎರಡು ತಂಡಗಳನ್ನು ಓಡಿಸಿ ತೋರಿಸಿದರು. ಆ ವಿನೋದವೇ ಇಂದು 'ಅಜಿಲಿಟಿ' ಎಂಬ ಹೆಸರಿನಿಂದ ಅನೇಕ ದೇಶಗಳಲ್ಲಿ ನಡೆಯುತ್ತಿರುವ ಚುರುಕುತನದ ಪಂದ್ಯವಾಗಿರುತ್ತದೆ. ಇಂಗ್ಲೆಂಡಿನ ಕೆನಲ್ ಕ್ಲಬ್ಬು ಇದನ್ನು 1980ರಲ್ಲಿ ಅಂಗೀಕರಿಸಿತು.

ಪಂದ್ಯದ ಅಂಗಳದ ಸ್ವರೂಪವನ್ನು ಮೊದಲು ತಿಳಿಯುವುದು ಅವಶ್ಯಕ. ನೆಗೆಯುವುದಕ್ಕೆ ಅಡ್ಡಗೋಲುಗಳು, ನುಸುಳುವುದಕ್ಕೆ ಬಟ್ಟೆಯ ದುಂಡು ಸುರಂಗ, ಹತ್ತಿ ಇಳಿಯುವುದಕ್ಕೆ ಮನೆಯ ಸೂರಿನಂತೆ ಎರಡು ಕಡೆಗೂ ಇಳಿಜಾರಾದ ಹಲಗೆ, ಮಲೆನಾಡಿನ ಕಾಲುಸಂಕವನ್ನು ಹೋಲುವ ಕಿರಿದಾದ ಎತ್ತರದ ಹಾದಿ, ಏತದ ಮರದಂತೆ ಒಂದು ತುದಿ ಇಳಿದರೆ ಇನ್ನೊಂದು ತುದಿ ಏಳುವ ತೂಗುಹಲಗೆ, ಸಾಲಾಗಿ ನೆಟ್ಟ 12 ಗೂಟಗಳು—ಇವು ಮುಖ್ಯವಾದವು. ಗೂಟಗಳ ನಡುವಣ ಅಂತರ 60 ಸೆಂಟಿಮೀಟರು. ನಾಯಿಯು ಒಂದನ್ನೂ ಬಿಡದೆ ಎಡಬಲವಾಗಿ ಹೆಣೆದುಕೊಂಡು ಹೋಗಬೇಕು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್.ಸಿ.ಐ.ಯ ನಿಯಮಗಳಂತೆ, 48 ಸೆಂಟಿಮೀಟರಿಗೆ ಕಡಮೆಯಿಲ್ಲದ ಎತ್ತರದ ನಾಯಿಗಳಿಗೆ ಅಡ್ಡಗೋಲನ್ನು 55 ರಿಂದ 60 ಸೆಂಟಿಮೀಟರು ಎತ್ತರದಲ್ಲಿಡುತ್ತಾರೆ. ಗೋಲು ಬಿದ್ದರೂ, ಇಳಿಜಾರಿನ ಬಣ್ಣ ಬಳಿದ ತುದಿಯನ್ನು ಪಾದ ಮುಟ್ಟದೆ ಹಾರಿದರೂ, ಅಡಚಣೆಯ ಮುಂದೆ ನಿಂತು ನಿರಾಕರಿಸಿದರೂ ಒಂದೊಂದಕ್ಕೆ 5 ತಪ್ಪಂಕಗಳು. ಮೂರು ಸಲ ನಿರಾಕರಿಸಿದರೆ ಪಂದ್ಯದಿಂದಲೇ ಹೊರಕ್ಕೆ. ನಡೆಸುವವನು ನಾಯಿಯನ್ನು ಮುಟ್ಟಕೂಡದು, ಹಗ್ಗ ಹಿಡಿಯಕೂಡದು, ತಿಂಡಿ ತೋರಿಸಕೂಡದು. ಮಾತು ಮತ್ತು ಮೈಯ ಸನ್ನೆ, ಇವೆರಡೇ ಅವನ ಉಪಕರಣಗಳು.

ಇಂಗ್ಲೆಂಡಿನ ನಿಯಮದಲ್ಲಾಗಲಿ ಎಫ್.ಸಿ.ಐ. ನಿಯಮದಲ್ಲಾಗಲಿ 18 ತಿಂಗಳು ತುಂಬದ ನಾಯಿಯು ಪಂದ್ಯಕ್ಕೆ ಅರ್ಹವಲ್ಲ. ಈ ಒಂದು ನಿಯಮವನ್ನು ಅನೇಕರು ಬರಿಯ ಕಟ್ಟಳೆಯೆಂದು ಭಾವಿಸುವರು. 18 ತಿಂಗಳಿಗೆ ಪಂದ್ಯವಾದರೆ 5 ತಿಂಗಳಿಂದಲೇ ನೆಗೆತ ಕಲಿಸಬೇಕಷ್ಟೆ ಎಂದು ಲೆಕ್ಕ ಹಾಕಿ, ಚಟುವಟಿಕೆಯಾದ ಮರಿಯನ್ನು ದಿನವೂ ಅಡ್ಡಗೋಲಿನ ಮೇಲೆ ಹಾರಿಸುವರು. ಮರಿಯೂ ಉತ್ಸಾಹದಿಂದ ಹಾರುತ್ತದೆ. ಹಾನಿಯು ಆಗ ಕಾಣಿಸುವುದಿಲ್ಲವಾದುದರಿಂದಲೇ ಅದು ಅಪಾಯಕರ. ಹಾಲುಹಲ್ಲು ಬೀಳದ ಹೋರಿಗರುವಿನ ಹೆಗಲಿಗೆ ನೊಗವಿಡುವ ರೈತನು ನಮ್ಮ ಸೀಮೆಯಲ್ಲಿಲ್ಲ. ಕರು ಎಷ್ಟೇ ಪುಷ್ಟವಾಗಿದ್ದರೂ ಅವನು ಕಾಯುತ್ತಾನೆ. ನಾಯಿಯ ವಿಷಯದಲ್ಲಿ ಈ ತಾಳ್ಮೆಯು ಏಕೆ ಬೇಕೆಂಬುದನ್ನು ಎಲುಬಿನ ರಚನೆಯೇ ತಿಳಿಸುತ್ತದೆ.

ಬೆಳೆಯುವ ಮರಿಯ ಕಾಲಿನ ಉದ್ದನೆಯ ಎಲುಬುಗಳ ತುದಿಗಳ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಈ ಪದರದಿಂದಲೇ. ಇದು ಸುತ್ತಣ ಎಲುಬಿಗಿಂತಲೂ, ಕೀಲನ್ನು ಬಿಗಿದಿರುವ ನಾರುಗಳಿಗಿಂತಲೂ ದುರ್ಬಲವಾದುದು. ಬಲಿತ ನಾಯಿಯ ಕೀಲು ಉಳುಕುವಂತಹ ಪೆಟ್ಟಿನಿಂದ ಮರಿಯ ಈ ಪದರವೇ ಜಜ್ಜಿಹೋಗಬಹುದು. ಮುಂಗಾಲಿನಲ್ಲಿ ಎರಡು ಎಲುಬುಗಳು ಜೊತೆಜೊತೆಯಾಗಿ ಬೆಳೆಯುತ್ತವೆ. ಒಂದರ ಪದರವು ಪೆಟ್ಟಿನಿಂದ ಅಕಾಲದಲ್ಲಿ ಮುಚ್ಚಿಕೊಂಡರೆ ಇನ್ನೊಂದು ಬೆಳೆಯುತ್ತಲೇ ಹೋಗಿ, ಕಾಲು ಬಿಲ್ಲಿನಂತೆ ಬಾಗುತ್ತದೆ, ಮೊಣಕೈ ಕೀಲು ಕದಲುತ್ತದೆ. ನಿಂತ ನಾಯಿಯ ಭಾರದಲ್ಲಿ ಸುಮಾರು ನೂರಕ್ಕೆ 60 ಪಾಲು ಮುಂಗಾಲುಗಳ ಮೇಲೆಯೇ ಇರುತ್ತದೆ. ನೆಗೆದು ನೆಲಕ್ಕಿಳಿಯುವಾಗ ಮೊದಲು ತಾಕುವುದೂ ಮುಂಗಾಲುಗಳೇ, ಮತ್ತು ಆಗ ಬೀಳುವ ಭಾರವು ನಿಂತಾಗಿನದಕ್ಕಿಂತ ಎಷ್ಟೋ ಅಧಿಕ. ಚಿಕ್ಕ ಜಾತಿಗಳಲ್ಲಿ ಈ ಪದರಗಳು ಒಂದು ವರ್ಷದೊಳಗೆ ಗಟ್ಟಿಯಾಗುವುವು; ದೊಡ್ಡ ಜಾತಿಗಳಲ್ಲಿ 12 ರಿಂದ 18 ತಿಂಗಳವರೆಗೂ ಹಿಡಿಯಬಹುದು. ಪ್ರಾಯಕ್ಕೆ ಬರುವ ಮೊದಲೇ ಬೀಜ ಒಡೆಸಿದ ಇಲ್ಲವೆ ಗರ್ಭಕೋಶ ತೆಗೆಸಿದ ಮರಿಗಳಲ್ಲಿ ಇನ್ನೂ ತಡವಾಗುತ್ತದೆ. ಸಂದೇಹವಿದ್ದಲ್ಲಿ ಪಶುವೈದ್ಯರಿಂದ ಎಕ್ಸ್‌ರೇ ತೆಗೆಸಿ ನೋಡುವುದು ಉತ್ತಮ.

ಹಾಗಾದರೆ ಮೊದಲನೆಯ ವರ್ಷವು ವ್ಯರ್ಥವೆ? ಎಂದಿಗೂ ಅಲ್ಲ. ಪಂದ್ಯದ ಗೆಲವಿಗೆ ಬೇಕಾದ ಬಹುಭಾಗವು ನೆಗೆತವಿಲ್ಲದ ಈ ವರ್ಷದಲ್ಲಿಯೇ ಸಿದ್ಧವಾಗತಕ್ಕದ್ದು. ಅದರಲ್ಲಿಯೂ ಮೊದಲನೆಯ ಮೂರು ತಿಂಗಳು ಅಮೂಲ್ಯವಾದುವು.

ಹುಟ್ಟಿದ ಮರಿಗೆ ಕಣ್ಣು ಕಿವಿಗಳು ಮುಚ್ಚಿರುತ್ತವೆ. ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳಲಾರದು. ಆದುದರಿಂದ ಮೊದಲೆರಡು ವಾರ ಗಾಳಿ ಬೀಸದ ಬೆಚ್ಚನೆಯ ಒಣ ಮೂಲೆಯೂ, ಹುಟ್ಟಿದ ದಿನವೇ ತಾಯಿಯ ಗಿಣ್ಣುಹಾಲೂ ತಪ್ಪಕೂಡದು. 10 ರಿಂದ 14 ದಿನಗಳಲ್ಲಿ ಕಣ್ಣು ತೆರೆಯುತ್ತದೆ, ಬಳಿಕ ಕೆಲವು ದಿನಗಳಲ್ಲಿ ಕಿವಿ. ಜಂತುಹುಳುಗಳ ವಿಷಯದಲ್ಲಿ ಉದಾಸೀನ ಸಲ್ಲದು. ದುಂಡುಹುಳುವು ಗರ್ಭದಲ್ಲಿಯೇ ತಾಯಿಯಿಂದ ಮರಿಗೆ ಬರುತ್ತದೆ. ಕೊಕ್ಕೆಹುಳುವು ಹಾಲಿನ ಮೂಲಕ ಬರುತ್ತದೆ. ಇದರಿಂದ ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಗಳಿಗೊಮ್ಮೆ, ಮರಿಯ ತೂಕವನ್ನು ನೋಡಿ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧವನ್ನು ಕೊಡುವುದು ವಾಡಿಕೆಯಾಗಿರುತ್ತದೆ. ಹೊಟ್ಟೆ ಡುಬ್ಬಣ್ಣನಂತೆ ಊದಿರುವುದನ್ನು ಪುಷ್ಟಿಯೆಂದು ಹಿಗ್ಗುವವರು ಇದ್ದಾರೆ!

ಅಮೆರಿಕೆಯ ಬಾರ್ ಹಾರ್ಬರ್ ಎಂಬಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಬಹುಕಾಲ ನಾಯಿಗಳನ್ನು ಸಾಕಿ ಪರೀಕ್ಷಿಸಿ, 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಮುಖ್ಯ ಸಂಗತಿಯನ್ನು ಸ್ಥಾಪಿಸಿದರು. ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸು ಹೊಸ ಮನುಷ್ಯರನ್ನೂ ಪ್ರಾಣಿಗಳನ್ನೂ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಆ ಬಾಗಿಲು ಮುಚ್ಚಿದ ಬಳಿಕ ಅಪರಿಚಿತವಾದುದೆಲ್ಲವೂ ಭಯಕ್ಕೆ ಕಾರಣವಾಗುತ್ತದೆ. ಪಂದ್ಯದ ಅಂಗಳದಲ್ಲಿ ಚಪ್ಪಾಳೆ, ಧ್ವನಿವರ್ಧಕ, ಡೇರೆಯ ಬಟ್ಟೆಯ ಪಟಪಟ, ನೂರಾರು ಅಪರಿಚಿತ ನಾಯಿಗಳು. ಇವುಗಳ ನಡುವೆ ಬೆದರದ ನಾಯಿ ಬೇಕಾದರೆ, ಮರಿಯು ಎಂಟು ವಾರಗಳ ವಯಸ್ಸಿಗೆ ಮನೆಗೆ ಬಂದಂದಿನಿಂದಲೇ ಕೊಡೆ ಬಿಚ್ಚುವುದನ್ನು, ತಟ್ಟೆ ಬೀಳುವ ಸದ್ದನ್ನು, ಗಡ್ಡದ ಮುದುಕರನ್ನು, ಓಡಾಡುವ ಮಕ್ಕಳನ್ನು, ಎತ್ತಿನ ಕೊರಳ ಗಂಟೆಯನ್ನು ನೋಡಿ ಕೇಳಿ ಬೆಳೆಯಬೇಕು. ಬಲವಂತವಾಗಿ ಎಳೆದೊಯ್ಯದೆ, ದೂರದಿಂದ ತೋರಿಸಿ, ಮರಿ ತಾನಾಗಿ ಮುಂದೆ ಬಂದಾಗ ಒಂದು ತುಣುಕು ತಿಂಡಿ ಕೊಟ್ಟರೆ ಸಾಕು.

ಇಲ್ಲಿ ಒಂದು ತೊಡಕುಂಟು. ಲಸಿಕೆಯು ಪೂರ್ಣವಾಗುವ ಮೊದಲು ಮರಿಯನ್ನು ಬೀದಿಗೆ ಬಿಡುವುದು ಅಪಾಯ. ಅಜಿಲಿಟಿಯು ಹುಟ್ಟಿದ 1978ನೆಯ ಇಸವಿಯಲ್ಲಿಯೇ ಮೊದಲು ಗುರುತಿಸಲ್ಪಟ್ಟ ಪಾರ್ವೋ ಎಂಬ ರಕ್ತಭೇದಿಯ ರೋಗವು ಮರಿಗಳಿಗೆ ಮೃತ್ಯುಪ್ರಾಯವಾದುದು. ಅದರ ವಿಷಾಣುವು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪಾರ್ವೋ ಮತ್ತು ಡಿಸ್ಟೆಂಪರ್ ರೋಗಗಳ ಲಸಿಕೆಯನ್ನು 6-8 ವಾರಗಳಲ್ಲಿ ಆರಂಭಿಸಿ, 16 ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪುನಃ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆಯು ಇರುವವರೆಗೆ ಲಸಿಕೆ ಹತ್ತದಿರುವುದೇ ಇಷ್ಟು ಸಲ ಹಾಕಿಸುವುದಕ್ಕೆ ಕಾರಣ. ಹುಚ್ಚುನಾಯಿ ರೋಗದ ಲಸಿಕೆಯನ್ನು ಮೂರು ತಿಂಗಳು ತುಂಬಿದೊಡನೆ ಹಾಕಿಸತಕ್ಕದ್ದು. ಲಸಿಕೆ ಮುಗಿಯಲೆಂದು ಕಾದು ಕುಳಿತರೆ ಕಲಿಕೆಯ ಕಾಲವು ಕಳೆದುಹೋಗುವುದು. ಆದುದರಿಂದ ಈ ಅವಧಿಯಲ್ಲಿ ಮರಿಯನ್ನು ಕಂಕುಳಲ್ಲಿ ಇಲ್ಲವೆ ಬುಟ್ಟಿಯಲ್ಲಿಟ್ಟುಕೊಂಡು ಸಂತೆಗೆ, ಬಸ್ಸು ನಿಲ್ಲುವ ಸ್ಥಳಕ್ಕೆ ಒಯ್ಯಬಹುದು. ಲಸಿಕೆಯಾದ ಸೌಮ್ಯಸ್ವಭಾವದ ದೊಡ್ಡ ನಾಯಿಗಳಿರುವ ಮನೆಗಳಿಗೂ ಕರೆದೊಯ್ಯಬಹುದು.

ಆಹಾರದಲ್ಲಿ ಎರಡು ತಪ್ಪುಗಳು ಸಾಮಾನ್ಯವಾಗಿವೆ. ಬರಿಯ ಮಾಂಸವನ್ನೇ ಹಾಕಿದರೆ ಸುಣ್ಣದ ಅಂಶವು ಸಾಲದೆ ಎಲುಬು ಸೊರಗುತ್ತದೆ; ಇದನ್ನು ಬಲ್ಲವರು ಭಯದಿಂದ, ಸಮತೂಕದ ಆಹಾರವನ್ನು ತಿನ್ನುತ್ತಿರುವ ಮರಿಗೂ ಕ್ಯಾಲ್ಸಿಯಂ ಪುಡಿಯನ್ನು ಸುರಿಯುವರು. ಎಳೆಯ ಮರಿಯ ಕರುಳು ಬೇಡವಾದ ಕ್ಯಾಲ್ಸಿಯಂ ಅನ್ನು ತಡೆಯಲಾರದು. ದೊಡ್ಡ ಜಾತಿಗಳಲ್ಲಿ ಇದರಿಂದ ಎಲುಬು ಕೀಲುಗಳು ವಿಕಾರಗೊಳ್ಳುವುವು. ರಾಗಿಯ ಮುದ್ದೆ, ಮಜ್ಜಿಗೆಗಳು ಊರನಾಯಿಗೆ ಹೊಟ್ಟೆ ತುಂಬಿಸಿಯಾವು. ಓಟದ ನಾಯಿಯಾಗತಕ್ಕ ಮರಿಗೆ ಮೊಟ್ಟೆ, ಮಾಂಸ, ಮೀನುಗಳಂತಹ ಸಾರವತ್ತಾದ ಆಹಾರವೂ ಜೊತೆಗೆ ಬೇಕು. ಕೊಬ್ಬು ಮಾತ್ರ ಬೆಳೆಯಗೊಡಬಾರದು. 48 ಲ್ಯಾಬ್ರಡಾರ್ ನಾಯಿಗಳನ್ನು ಜೀವಮಾನವೆಲ್ಲ ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯಂತೆ, ತಮ್ಮ ಜೊತೆಯ ನಾಯಿಗಳಿಗಿಂತ ಕಾಲು ಪಾಲು ಕಡಮೆ ತಿಂದವುಗಳು ಹೆಚ್ಚುಕಡಮೆ ಎರಡು ವರ್ಷ ಅಧಿಕವಾಗಿ ಬದುಕಿದುವು, ಕೀಲುನೋವೂ ಅವುಗಳಿಗೆ ತಡವಾಗಿ ಬಂದಿತು. ಪಕ್ಕೆಲುಬುಗಳು ಕೈಗೆ ಸಿಕ್ಕಬೇಕು, ಕಣ್ಣಿಗೆ ಎದ್ದು ಕಾಣಬಾರದು ಎಂಬ ಅಳತೆಯು ಸಾಕು.

ಮೂರರಿಂದ ಹನ್ನೆರಡು ತಿಂಗಳವರೆಗಿನ ಪಾಠಗಳೆಲ್ಲವೂ ನೆಲದ ಮೇಲಿನವು. ನಾಯಿಯು ತನ್ನ ಮುಂಗಾಲನ್ನು ಬಲ್ಲುದು, ಹಿಂಗಾಲು ತಾನಾಗಿ ಹಿಂದೆ ಬರುತ್ತದೆಂದು ನಂಬಿರುತ್ತದೆ. ಸಂಕದ ಮೇಲಿನಿಂದ ಬೀಳುವ ನಾಯಿಗಳು ಹೆಚ್ಚಾಗಿ ಹಿಂಗಾಲು ಜಾರಿಯೇ ಬೀಳುವುವು. ಇದಕ್ಕೆ ಸುಲಭೋಪಾಯವೆಂದರೆ, ಏಣಿಯೊಂದನ್ನು ನೆಲದ ಮೇಲೆ ಮಲಗಿಸಿ ಅದರ ಮೆಟ್ಟಿಲುಗಳ ನಡುವೆ ಮರಿಯನ್ನು ನಿಧಾನವಾಗಿ ನಡೆಸುವುದು. ನಾಲ್ಕು ಕಾಲುಗಳನ್ನೂ ಎಣಿಸಿ ಇಡುವುದನ್ನು ಅದು ಒಂದೆರಡು ವಾರಗಳಲ್ಲಿ ಕಲಿಯುತ್ತದೆ. ಹಲಗೆಯನ್ನು ನೆಲದ ಮೇಲಿಟ್ಟು, ತುದಿಯಲ್ಲಿ ಮುಂಗಾಲೆರಡು ನೆಲಕ್ಕೆ, ಹಿಂಗಾಲೆರಡು ಹಲಗೆಯ ಮೇಲೆ ಇರುವಂತೆ ನಿಲ್ಲುವ ಅಭ್ಯಾಸವನ್ನು ಮಾಡಿಸಿದರೆ, ಮುಂದೆ ಬಣ್ಣದ ತುದಿಯನ್ನು ಹಾರಿಬಿಡುವ ತಪ್ಪು ಹುಟ್ಟುವುದೇ ಇಲ್ಲ. ತೂಗುಹಲಗೆಗೆ ಅಂಜುವುದು ಬಹುತೇಕ ಅದರ ಸದ್ದಿಗಾಗಿ. ಗೋಣಿಯ ಮೇಲೆ ಒಂದಂಗುಲ ಮಾತ್ರ ಅಲುಗಾಡುವ ಹಲಗೆಯನ್ನಿಟ್ಟು, ದಿನಕ್ರಮೇಣ ಗೋಣಿಯನ್ನು ತೆಗೆಯುತ್ತ ಬರಬೇಕು. ಸುರಂಗವು ಗಿಡ್ಡದಾಗಿ, ನೆಟ್ಟಗೆ, ಆಚೆಯ ಬೆಳಕು ಕಾಣುವಂತಿರಲಿ. ಅಡ್ಡಗೋಲು ಮರಿಯ ಮುಂಗಾಲಿನ ಮಣಿಕಟ್ಟಿಗಿಂತ ಮೇಲೇರಕೂಡದು.

ಪಾಠವು ಒಂದು ಸಲಕ್ಕೆ ಐದು ನಿಮಿಷ ಮೀರದಿರಲಿ. ಸರಿಯಾಗಿ ಮಾಡಿದೊಡನೆ, ಒಂದೆರಡು ಸೆಕೆಂಡಿನೊಳಗಾಗಿ, ಮೆಚ್ಚುಗೆಯ ಮಾತೂ ತಿಂಡಿಯೂ ಸಿಕ್ಕಬೇಕು. ತಡವಾದರೆ ಯಾವುದಕ್ಕೆ ಸಿಕ್ಕಿತೆಂಬುದು ನಾಯಿಗೆ ತಿಳಿಯದು. ಕೋಲಿನ ಶಿಕ್ಷಣವು ಈ ಪಂದ್ಯಕ್ಕೆ ಎಳ್ಳಷ್ಟೂ ಒದಗದು, ಏಕೆಂದರೆ ಹಗ್ಗವಿಲ್ಲದ ನಾಯಿಯು ಅಂಜಿದವನ ಕಡೆಗೆ ಓಡಿಬರುವುದಿಲ್ಲ. ನಾಯಿಯು ಮಾತಿಗಿಂತ ಒಡೆಯನ ಭುಜ, ಪಾದಗಳ ದಿಕ್ಕನ್ನು ಹೆಚ್ಚಾಗಿ ಅನುಸರಿಸುತ್ತದೆ. ಆದುದರಿಂದ ನಡೆಸುವವನೂ ತನ್ನ ನಡಿಗೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಎಲುಬು ಬಲಿತ ಮೇಲೆ ಗೋಲನ್ನು ಸ್ವಲ್ಪಸ್ವಲ್ಪವಾಗಿ ಏರಿಸಬಹುದು. ಬೆನ್ನನ್ನೂ ಭುಜವನ್ನೂ ತಿರುಚುವ ಗೂಟಗಳ ಪಾಠವು ಎಲ್ಲಕ್ಕೂ ಕಡೆಯದು. ಗೂಟಗಳನ್ನು ಮೊದಲು ಎರಡು ಸಾಲಾಗಿ, ನಡುವೆ ನಾಯಿ ನೆಟ್ಟಗೆ ಓಡುವಷ್ಟು ಓಣಿ ಬಿಟ್ಟು ನೆಟ್ಟು, ವಾರವಾರಕ್ಕೂ ಓಣಿಯನ್ನು ಕಿರಿದುಗೊಳಿಸುತ್ತ ಹೋದರೆ, ಸಾಲು ಒಂದಾಗುವ ವೇಳೆಗೆ ನಾಯಿಯು ತಿಳಿಯದೆಯೇ ಹೆಣೆಯುವುದನ್ನು ಕಲಿತಿರುತ್ತದೆ.

ಈ ಪಂದ್ಯದಲ್ಲಿ ಕುರಿಕಾಯುವ ಬಾರ್ಡರ್ ಕೋಲಿ ಜಾತಿಯದೇ ಮೇಲುಗೈ. ನಮ್ಮ ಮುಧೋಳದ ಬೇಟೆನಾಯಿಯು ಓಟದಲ್ಲಿ ಅದಕ್ಕೆ ಸೋಲುವಂತಹದಲ್ಲ. ಆದರೆ ಅದು ಕಣ್ಣಿಗೆ ಬಿದ್ದ ಬೇಟೆಯನ್ನು ತನ್ನ ವಿವೇಚನೆಯಿಂದಲೇ ಬೆನ್ನಟ್ಟತಕ್ಕ ಜಾತಿಯಾದುದರಿಂದ, ಪ್ರತಿ ತಿರುವಿನಲ್ಲಿಯೂ ಒಡೆಯನ ಸನ್ನೆಯನ್ನು ಕಾಯುವುದು ಅದಕ್ಕೆ ಸಹಜವಲ್ಲ, ಕಲಿಸಬೇಕಾದುದು. ಎರಡಡಿಗೆ ಮೀರಿದ ಎತ್ತರದ ಈ ನಾಯಿಯ ನೀಳವಾದ ಕಾಲುಗಳ ವಿಷಯದಲ್ಲಿ ಮೇಲೆ ಹೇಳಿದ ಎಚ್ಚರವು ಇಮ್ಮಡಿಯಾಗಿರಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನ ಕೇಂದ್ರದಲ್ಲಿ ಈ ಜಾತಿಯ ಸಂರಕ್ಷಣೆ ನಡೆದಿದೆ. 2016ರಲ್ಲಿ ಭಾರತದ ಸೈನ್ಯವು ಇದರ ಮರಿಗಳನ್ನು ಶಿಕ್ಷಣಕ್ಕಾಗಿ ಮೀರತ್ತಿಗೆ ಒಯ್ದಿತು.

ಬಿಸಿಲಿನ ವಿಚಾರವೊಂದು ಉಳಿದಿದೆ. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಿಂದಲೇ ಮೈಯ ಕಾವನ್ನು ಇಳಿಸಬೇಕು. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಅಭ್ಯಾಸವು ಸೂರ್ಯೋದಯಕ್ಕೆ ಮುಂಚೆ ಮುಗಿಯಬೇಕು. ನಾಲಿಗೆಯು ಅಗಲವಾಗಿ ಕೆಂಪೇರಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತಡವರಿಸಿದೊಡನೆ ಓಟವನ್ನು ನಿಲ್ಲಿಸಿ, ನೆರಳಿಗೆ ಒಯ್ದು, ಮೈಮೇಲೆ ತಣ್ಣೀರೆರೆದು ಗಾಳಿ ಬೀಸುತ್ತ, ಪಶುವೈದ್ಯರಲ್ಲಿಗೆ ಸಾಗಿಸತಕ್ಕದ್ದು. ಒದ್ದೆ ಗೋಣಿಯನ್ನು ಹೊದಿಸಿ ಬಿಡುವುದರಿಂದ ಕಾವು ಒಳಗೇ ಉಳಿಯುತ್ತದೆ.